ಔಷಧಿ ಕೊಟ್ಟು ಸುಮ್ಮನಾಗಲು ಆಗಲಿಲ್ಲ

ನಾನು ಕಥೋಲಿಕ ಧರ್ಮಭಗಿನಿ, ನರ್ಸಿಂಗ್ ಓದಿದವಳು. ಮೈಸೂರು ಸೀಮೆಯ ಒಂದು ಹಳ್ಳಿಗೆ ನಮ್ಮ ಕಾನ್ವೆಂಟಿನ ಡಿಸ್ಪೆನ್ಸರಿ ನೋಡಿಕೊಳ್ಳಲು ಬಂದೆ. ಬೆಳಿಗ್ಗೆ ಪೂಜೆ, ಆಮೇಲೆ ರೋಗಿಗಳು, ಸಂಜೆ ಜಪಸರ. ನನ್ನ ಸೇವೆ ಇಷ್ಟೇ ಅಂದುಕೊಂಡಿದ್ದೆ.

ಒಬ್ಬ ತಾಯಿ ಮಗುವಿನ ಕೆಮ್ಮಿಗೆ ಔಷಧಿ ತಗೊಂಡು ಹೋದರು. ಮೂರು ದಿನ ಬಿಟ್ಟು ಬನ್ನಿ ಅಂದಿದ್ದೆ. ಬಂದದ್ದು ಹನ್ನೆರಡು ದಿನದ ಮೇಲೆ. ಅಷ್ಟರಲ್ಲಿ ಮಗು ಉಸಿರಾಡಿದರೆ ಪಕ್ಕೆ ಒಳಕ್ಕೆ ಸೆಳೆಯುತ್ತಿತ್ತು. ಬೈದೆ. "ಧಣಿ ಬಿಡಲ್ಲ ಸಿಸ್ಟರಮ್ಮ, ಕೊಟ್ಟಿಗೆ ಕೆಲಸ ಮುಗೀಬೇಕು" ಅಂದರು. ಅವರ ಕೈ ತುಂಬಾ ಸಗಣಿ ಒಣಗಿತ್ತು. ತೊಳೆದುಕೊಳ್ಳಲೂ ನಿಲ್ಲದೆ ಓಡಿ ಬಂದಿದ್ದರು.

ಗಂಡನ ಆಪರೇಷನ್‌ಗೆ 15,000 ರೂಪಾಯಿ ಮುಂಗಡ ತಗೊಂಡು ಆರು ವರ್ಷವಾಗಿತ್ತು. ಇಬ್ಬರೂ ಅಲ್ಲೇ ದುಡಿಯುತ್ತಿದ್ದರು. ಕೂಲಿ ಅಂತ ಇಲ್ಲ. ತಿಂಗಳಿಗೆ ಒಂದಿಷ್ಟು ರಾಗಿ, ವರ್ಷಕ್ಕೊಂದು ಜೊತೆ ಬಟ್ಟೆ. ಸಾಲ ಮಾತ್ರ ಹಾಗೇ ಇತ್ತು.

ನಾನು ಮೊದಲು ಮಾಡಿದ್ದೇ ತಪ್ಪು. ಒಳ್ಳೆ ಮಾತಲ್ಲಿ ಹೇಳಿದರೆ ಕೇಳ್ತಾರೆ ಅಂತ ನೇರ ಧಣಿಯ ಮನೆಗೆ ಹೋದೆ. ಕಾಫಿ ಕೊಟ್ಟು ಕಳಿಸಿದರು. ಮಾರನೇ ದಿನ ಆ ಸಂಸಾರವನ್ನೇ ದೂರದ ತೋಟಕ್ಕೆ ಸಾಗಿಸಿದ್ದರು. ಮತ್ತೆ ಅವರ ಮುಖ ನೋಡಲು ಎರಡು ತಿಂಗಳು ಬೇಕಾಯಿತು. ಈ ಕೆಲಸಕ್ಕೆ ಇಳಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ದೂರು ಕೊಡುವ ಮುಂಚೆ ಧಣಿಯ ಹತ್ತಿರ ಹೋಗಬೇಡಿ.

ಆಮೇಲೆ ಕಾನೂನು ಓದಲು ಕೂತೆ. ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಸರಪಳಿ ಹಾಕಿರಬೇಕು, ಹೊಡೆದಿರಬೇಕು ಅಂತೇನಿಲ್ಲ. ಸಾಲಕ್ಕೆ ಬದಲಾಗಿ ದುಡಿಯುತ್ತಾ, ಸರಿಯಾದ ಕೂಲಿ ಇಲ್ಲದೆ, ಬೇರೆ ಕಡೆ ಕೆಲಸಕ್ಕೆ ಹೋಗಲು ಬಿಡದೆ ಇದ್ದರೆ ಅದೂ ಜೀತವೇ. ಪತ್ರ, ರಸೀದಿ ಇಲ್ಲ ಅಂತ ಜನ ಹೆದರುತ್ತಾರೆ. ಆದರೆ 15ನೇ ಸೆಕ್ಷನ್ ಪ್ರಕಾರ ಇದು ಜೀತದ ಸಾಲ ಅಲ್ಲ ಅಂತ ತೋರಿಸಬೇಕಾದವನು ಸಾಲ ಕೊಟ್ಟವನೇ. ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಈ ಜನಕ್ಕೆ ಇದನ್ನು ಯಾರೂ ಹೇಳಿರಲಿಲ್ಲ, ಅಲ್ವಾ?

ವಿಧೇಯತೆಯ ವ್ರತ ಇರುವುದರಿಂದ ನಮ್ಮ ಕಾನ್ವೆಂಟಿನ ಮುಖ್ಯಸ್ಥೆ ಮದರ್ ಹತ್ತಿರ ಅಪ್ಪಣೆ ಕೇಳಿದೆ. ಅವರು ಪ್ರಾರ್ಥನಾಲಯದ ಗೋಡೆಯ ಮೇಲಿದ್ದ ಸಿಸ್ಟರ್ ರಾಣಿ ಮರಿಯಾರ ಫೋಟೋ ಕಡೆ ನೋಡಿದರು. ಮಧ್ಯಪ್ರದೇಶದಲ್ಲಿ ಭೂಮಿ ಇಲ್ಲದ ಬಡವರ ಪರ ಲೇವಾದೇವಿಯವರ ವಿರುದ್ಧ ನಿಂತ ಕೇರಳದ ಸಿಸ್ಟರ್ ಅವರು. 1995ರ ಫೆಬ್ರವರಿ 25ರಂದು ಬಸ್ಸಿನಲ್ಲಿ ಹೋಗುತ್ತಿದ್ದಾಗ ಅವರನ್ನು ಇರಿದು ಕೊಂದರು. ಕೊಂದವನನ್ನು ಅವರ ಮನೆಯವರು ಕ್ಷಮಿಸಿದರು. ಸ್ವಂತ ತಂಗಿಯೇ ಅವನಿಗೆ ರಾಖಿ ಕಟ್ಟಿದರು. "ಹೋಗು, ಒಬ್ಬಳೇ ಹೋಗಬೇಡ" ಅಂದರು ಮದರ್.

ಉಪವಿಭಾಗಾಧಿಕಾರಿಗೆ ಬರೆದ ಅರ್ಜಿ ಒಂದೇ ಪುಟ. ಎಷ್ಟು ತಗೊಂಡರು, ಯಾವಾಗ, ದಿನಕ್ಕೆ ಎಷ್ಟು ಗಂಟೆ ಕೆಲಸ, ಏನು ಕೊಡುತ್ತಾರೆ, ಬಿಟ್ಟು ಹೋದರೆ ಏನಾಗುತ್ತೆ. ಎರಡು ಪ್ರತಿ ಮಾಡಿಸಿದೆ. ಟಪಾಲು ವಿಭಾಗದಲ್ಲಿ ನಮ್ಮ ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡೆ. ಆ ಸೀಲಿಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ.

ವಿಚಾರಣೆ ದಿನ ಆ ತಾಯಿ ತಲೆ ತಗ್ಗಿಸಿ ನಿಂತಿದ್ದರು. ತಡೆಯಲಾರದೆ ನಾನೇ ಮಾತಾಡಿಬಿಟ್ಟೆ. "ನೀವು ಸುಮ್ನಿರಿ ಸಿಸ್ಟರ್, ಅವರು ಹೇಳಲಿ" ಅಂದರು ಅಧಿಕಾರಿ. ಅವರ ಮಾತೇ ಸರಿ. ಕೋಣೆ ತುಂಬಾ ಹೊತ್ತು ನಿಶ್ಶಬ್ದವಾಗಿತ್ತು. ಆಮೇಲೆ ಆಕೆ ಒಂದೇ ಮಾತು ಹೇಳಿದರು: "ನಮ್ಮವ್ವ ಸತ್ತಾಗ ಮಣ್ಣಿಗೆ ಹೋಗಕ್ಕೂ ಬಿಡಲಿಲ್ಲ ಸ್ವಾಮಿ."

ಜೀತದಿಂದ ಬಿಡುಗಡೆಯಾದ ಪತ್ರ ಸಿಗಲು ಹದಿನಾಲ್ಕು ತಿಂಗಳಾಯಿತು. ಬಿಡುಗಡೆಯಾದವರಿಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ 2 ಲಕ್ಷ ಪುನರ್ವಸತಿ ಹಣ ಇದೆ. ಆದರೆ ಪೂರ್ತಿ ಹಣ ಬರಲು ಧಣಿಗೆ ಶಿಕ್ಷೆಯಾಗಬೇಕು. ನನಗೆ ಜಾಸ್ತಿ ಸಂಕಟ ಕೊಡುವುದು ಈ ನಿಯಮವೇ. ಕೇಸು ಮುಗಿಯುವವರೆಗೆ ಮನೆಯವರು ಏನು ತಿನ್ನಬೇಕು?

ಆ ತಾಯಿ ಈಗ ದಿನಗೂಲಿಗೆ ಹೋಗುತ್ತಾರೆ. ಗಂಡ ಇನ್ನೂ ನಾಲ್ಕು ಗಂಟೆಗೇ ಎದ್ದು ಜಗಲಿ ಮೇಲೆ ಕೂರುತ್ತಾರಂತೆ. ಪತ್ರದಲ್ಲಿ ಅವರ ಹೆಸರಿನ ಒಂದಕ್ಷರ ತಪ್ಪಿದೆ, ಬ್ಯಾಂಕಿನಲ್ಲಿ ಒಪ್ಪುತ್ತಿಲ್ಲ. ತಿದ್ದುಪಡಿ ಅರ್ಜಿ ಬರೆದಿಟ್ಟಿದ್ದೇವೆ. ಸೋಮವಾರ ಮೊದಲ ಬಸ್ಸಿಗೆ ಮತ್ತೆ ಹೋಗುತ್ತಿದ್ದೇವೆ.