ಸರ್ಕಾರದ ಮೇಲೆ ದಾಳಿ ಮಾಡುವ ಥ್ರಿಲ್ಲರ್‌ಗಳು: ಎಷ್ಟು ನಂಬಬಹುದು ಅಂತ ಅಳೆಯೋದು ಹೇಗೆ?

ಸಂಸತ್ತಿಗೆ ನುಗ್ಗುವುದು, ಅಧ್ಯಕ್ಷರನ್ನು ಬಂಕರಿನಲ್ಲಿ ಕೂಡಿಹಾಕುವುದು, ಇಡೀ ಮಂತ್ರಿಮಂಡಲವನ್ನು ಒಂದೇ ಏಟಿಗೆ ಮುಗಿಸುವುದು. ಇಂಥ ಕಥೆಯ ಸಿನಿಮಾ, ಸೀರಿಸ್, ಕಾದಂಬರಿ ಯಾವುದು ಬಂದರೂ ನಾನು ಬಿಡುವವನಲ್ಲ. ಸ್ಕ್ರಿಪ್ಟ್ ಬರೆಯುವ ಗೆಳೆಯರು ಡ್ರಾಫ್ಟ್ ಓದಲು ಕೊಟ್ಟಾಗಲೂ ಮೊದಲು ನೋಡುವುದು ಇದು ನಡೆಯುವಂಥದ್ದಾ ಅಂತ. ಬಂದೂಕಿನ ಮಾಡೆಲ್ ಸರಿ ಇದೆಯಾ, ಹೆಲಿಕಾಪ್ಟರ್ ಅಷ್ಟು ಕೆಳಗೆ ಹಾರುತ್ತದಾ ಅನ್ನುವುದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ದಾಳಿ ಆದಮೇಲೆ ಅಧಿಕಾರ ಯಾರ ಕೈಗೆ ಹೋಯಿತು ಅಂತ ಹುಡುಕುತ್ತೇನೆ. ನೀವೂ ಅಲ್ಲಿಂದಲೇ ಶುರು ಮಾಡಿ.

ಮೊದಲ ಸಲ ಸುಮ್ನೆ ನೋಡಿ, ಮಜಾ ತಗೊಳ್ಳಿ. ಎರಡನೇ ಸಲ ಒಂದು ಹಾಳೆ ಇಟ್ಟುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಗಡೆ ಕಥೆಯೊಳಗಿನ ಸಮಯ ಬರೆಯಿರಿ. ಬಲಗಡೆ, ಆ ಹೊತ್ತಿಗೆ ಆದೇಶ ಕೊಡುತ್ತಿರುವವರು ಯಾರು, ಅದನ್ನು ಪಾಲಿಸುತ್ತಿರುವವರು ಯಾರು ಅಂತ ಬರೆಯಿರಿ. ದುರ್ಬಲ ಕಥೆಗಳಲ್ಲಿ ನಾಯಕರು ಸೆರೆಸಿಕ್ಕ ಕೂಡಲೇ ಬಲಗಡೆ ಖಾಲಿ ಬೀಳುತ್ತದೆ. ಇಡೀ ದೇಶ ಟಿವಿ ಮುಂದೆ ಬಾಯಿ ಬಿಟ್ಟುಕೊಂಡು ನಿಂತಿರುತ್ತದೆ, ಹೀರೋ ಒಬ್ಬನನ್ನು ಬಿಟ್ಟು ಯಾರಿಗೂ ಕೆಲಸವಿಲ್ಲ.

ನಿಜದಲ್ಲಿ ಹೇಗಿರುತ್ತದೆ ಅಂತ ತಿಳಿಯಲು 1981ರ ಫೆಬ್ರವರಿ 23ರ ಮ್ಯಾಡ್ರಿಡ್ ನೋಡಿ. ಸ್ಪೇನ್ ಸಂಸತ್ತಿನಲ್ಲಿ ಹೊಸ ಪ್ರಧಾನಿಗಾಗಿ ಮತದಾನ ನಡೆಯುತ್ತಿತ್ತು. ಲೆಫ್ಟಿನೆಂಟ್ ಕರ್ನಲ್ ತೆಹೇರೊ ಸುಮಾರು 200 ಸಶಸ್ತ್ರ ಪೊಲೀಸರ, ಅಂದರೆ ಸಿವಿಲ್ ಗಾರ್ಡ್‌ಗಳ ಜೊತೆ ಪಿಸ್ತೂಲು ಹಿಡಿದು ಒಳಗೆ ನುಗ್ಗಿದ. ಚಾವಣಿಗೆ ಗುಂಡು ಹಾರಿಸಿದರು. ಸದಸ್ಯರು ಬೆಂಚುಗಳ ಕೆಳಗೆ ಅಡಗಿದರು. ಇಡೀ ಸರ್ಕಾರವೇ ಒತ್ತೆಯಾಳು. ಥ್ರಿಲ್ಲರ್ ಬರೆಯುವವರು ಕನಸು ಕಾಣುವ ದೃಶ್ಯ, ಅಲ್ವಾ? ಆದರೆ ಹೊರಗೆ ನಡೆದದ್ದನ್ನು ಗಮನಿಸಿ. ಮಂತ್ರಿಗಳು ಸೆರೆಯಲ್ಲಿದ್ದರೂ ಇಲಾಖೆಗಳ ಎರಡನೇ ಸಾಲಿನ ಅಧಿಕಾರಿಗಳು ಹೊರಗಿದ್ದರು. ಅವರೆಲ್ಲ ಸೇರಿ ಅದೇ ರಾತ್ರಿ ತಾತ್ಕಾಲಿಕ ಸರ್ಕಾರ ನಡೆಸಿದರು. ರಾಜ ಹುವಾನ್ ಕಾರ್ಲೋಸ್ ಒಬ್ಬೊಬ್ಬ ಸೇನಾ ಕಮಾಂಡರಿಗೂ ಫೋನ್ ಮಾಡಿದ. ವೆಲೆನ್ಸಿಯಾದಲ್ಲಿ ಒಬ್ಬ ಜನರಲ್ ಆಗಲೇ ಟ್ಯಾಂಕುಗಳನ್ನು ಬೀದಿಗಿಳಿಸಿದ್ದ. ಉಳಿದವರು ಯಾವ ಕಡೆ ಅನ್ನುವುದು ಆ ಫೋನುಗಳಲ್ಲಿ ತೀರ್ಮಾನವಾಗಬೇಕಿತ್ತು. ರಾತ್ರಿ ಒಂದು ಗಂಟೆ ದಾಟಿದ ಮೇಲೆ ರಾಜ ಸೇನಾ ಸಮವಸ್ತ್ರದಲ್ಲಿ ಟಿವಿಗೆ ಬಂದು ಈ ದಂಗೆಗೆ ತನ್ನ ಒಪ್ಪಿಗೆ ಇಲ್ಲ ಎಂದ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ತೆಹೇರೊ ಶರಣಾದ. ಸೆರೆಯಲ್ಲಿದ್ದವರಲ್ಲಿ ಒಬ್ಬರೂ ಸಾಯಲಿಲ್ಲ. ಇಡೀ ರಾತ್ರಿಯ ಉದ್ವೇಗ ಇದ್ದದ್ದು ಟೆಲಿಫೋನಿನಲ್ಲಿ. ನಿಮ್ಮ ಥ್ರಿಲ್ಲರ್‌ನಲ್ಲಿ ಫೋನ್ ಎತ್ತಿದವನು ಯಾವ ಕಡೆಯವನು ಅಂತ ಅನುಮಾನ ಹುಟ್ಟುವ ಒಂದು ದೃಶ್ಯವಾದರೂ ಇದೆಯಾ? ಇದ್ದರೆ ಬರೆದವರು ಓದಿಕೊಂಡಿದ್ದಾರೆ.

ಅಮೆರಿಕದ ಕಥೆಯಾದರೆ ಅಣ್ವಸ್ತ್ರದ ಕೋಡ್ ಬಂದೇ ಬರುತ್ತದೆ. ಖಳನಾಯಕ ಅಧ್ಯಕ್ಷರಿಗೆ ಹಿಂಸೆ ಕೊಟ್ಟು ಕೋಡ್ ಬಾಯಿಬಿಡಿಸುತ್ತಾನೆ, ಜಗತ್ತಿಗೆ ಗಂಡಾಂತರ. ಇಲ್ಲಿ ಕೇಳಬೇಕಾದ ಪ್ರಶ್ನೆ: ಆ ಕೋಡ್ ಏನು ಮಾಡುತ್ತದೆ? ಆದೇಶ ಕೊಡುತ್ತಿರುವುದು ಅಧ್ಯಕ್ಷರೇ ಅಂತ ಆ ಕಡೆಯಲ್ಲಿರುವ ಸೇನಾಧಿಕಾರಿಗಳಿಗೆ ಗುರುತು ಹೇಳುತ್ತದೆ, ಅಷ್ಟೇ. ಕ್ಷಿಪಣಿ ಹಾರಿಸುವ ಬಟನ್ ಅದಲ್ಲ. ಅಧ್ಯಕ್ಷರು ಸೆರೆಯಲ್ಲಿದ್ದಾರೆ ಅಂತ ಲೋಕಕ್ಕೇ ಗೊತ್ತಾದಮೇಲೆ ಆ ಗುರುತಿಗೆ ಬೆಲೆ ಎಲ್ಲಿಂದ ಬರಬೇಕು? ಅಲ್ಲದೆ 1967ರಲ್ಲಿ ಜಾರಿಗೆ ಬಂದ ಸಂವಿಧಾನದ 25ನೇ ತಿದ್ದುಪಡಿ ಇದೆ. ಅಧ್ಯಕ್ಷರು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಅಂತ ಉಪಾಧ್ಯಕ್ಷರು ಮತ್ತು ಸಂಪುಟದ ಬಹುಮತ ಲಿಖಿತವಾಗಿ ತಿಳಿಸಿದರೆ ಅಧಿಕಾರ ಕೂಡಲೇ ಉಪಾಧ್ಯಕ್ಷರಿಗೆ ಹೋಗುತ್ತದೆ. ಅಧ್ಯಕ್ಷರು ಕಾಂಗ್ರೆಸ್ಸಿನ ಜಂಟಿ ಅಧಿವೇಶನದಲ್ಲಿ ವಾರ್ಷಿಕ ಭಾಷಣ ಮಾಡುವಾಗ ಸಂಪುಟದ ಒಬ್ಬರನ್ನು ಬೇಕೆಂದೇ ಬೇರೆ ಕಡೆ ಇರಿಸುತ್ತಾರೆ, ಅಲ್ಲಿದ್ದವರೆಲ್ಲ ಸತ್ತರೂ ಅಧಿಕಾರ ವಹಿಸಿಕೊಳ್ಳಲು ಒಬ್ಬರು ಉಳಿದಿರಲಿ ಅಂತ.

ಹಾಗಂತ ಗೊಂದಲವೇ ಇರುವುದಿಲ್ಲ ಅಂತಲ್ಲ. 1981ರ ಮಾರ್ಚ್ 30ರಂದು ರೇಗನ್ ಅವರಿಗೆ ಗುಂಡು ತಗುಲಿದಾಗ ಉಪಾಧ್ಯಕ್ಷ ಬುಷ್ ವಿಮಾನದಲ್ಲಿದ್ದರು. ವಿದೇಶಾಂಗ ಕಾರ್ಯದರ್ಶಿ ಹೇಗ್ ಪತ್ರಕರ್ತರ ಮುಂದೆ ಬಂದು ಶ್ವೇತಭವನದಲ್ಲಿ ಸದ್ಯಕ್ಕೆ ನಿಯಂತ್ರಣ ತನ್ನದು ಎಂದುಬಿಟ್ಟರು. ಉತ್ತರಾಧಿಕಾರದ ಸಾಲಿನಲ್ಲಿ ಅವರಿಗಿಂತ ಮುಂದೆ ಸ್ಪೀಕರ್ ಮತ್ತು ಸೆನೆಟ್ಟಿನ ಹಂಗಾಮಿ ಅಧ್ಯಕ್ಷರಿದ್ದರು. ಇಂಥ ಎಡವಟ್ಟು ಕಥೆಯಲ್ಲಿ ಬಂದರೆ ನಾನು ಕಣ್ಣುಮುಚ್ಚಿ ನಂಬುತ್ತೇನೆ.

ಆಮೇಲೆ ಗೇಟು. ಸಿನಿಮಾದ ದಾಳಿಕೋರರು ಸ್ಯಾಟಲೈಟ್ ಹ್ಯಾಕ್ ಮಾಡಿ, ಲೇಸರ್ ಬೇಲಿ ದಾಟಿ ಬರುತ್ತಾರೆ. 2001ರ ಡಿಸೆಂಬರ್ 13ರಂದು ದೆಹಲಿಯ ಸಂಸತ್ ಭವನಕ್ಕೆ ಐವರು ಬಂದದ್ದು ಒಂದು ಬಿಳಿ ಅಂಬಾಸಿಡರ್ ಕಾರಿನಲ್ಲಿ. ಗಾಜಿನ ಮೇಲೆ ಗೃಹ ಇಲಾಖೆಯ ನಕಲಿ ಸ್ಟಿಕರ್. ಒಳಗೆ ಬಂದಮೇಲೆ ಕಾರು ಉಪರಾಷ್ಟ್ರಪತಿಗಳ ಕಾರಿಗೆ ಗುದ್ದಿತು. ಕಾವಲಿಗಿದ್ದ ಸಿಆರ್‌ಪಿಎಫ್ ಕಾನ್‌ಸ್ಟೆಬಲ್ ಕಮಲೇಶ್ ಕುಮಾರಿ ಅನುಮಾನ ಬಂದು ಕೂಗಿ ಎಚ್ಚರಿಸಿದರು. ಗುಂಡೇಟಿಗೆ ಜೀವ ತೆತ್ತರು. ಭವನದ ಬಾಗಿಲುಗಳನ್ನು ಸರಸರನೆ ಮುಚ್ಚಲಾಯಿತು. ಐವರಲ್ಲಿ ಒಬ್ಬನೂ ಕಟ್ಟಡದೊಳಗೆ ಕಾಲಿಡಲಾಗಲಿಲ್ಲ. ಭದ್ರತಾ ಸಿಬ್ಬಂದಿ ಮತ್ತು ಒಬ್ಬ ತೋಟಗಾರ ಸೇರಿ ಒಂಬತ್ತು ಜನ ಸತ್ತರು. ಆ ಹೆಣ್ಣುಮಗಳ ಕೂಗನ್ನು ನಾನು ಯಾವ ಥ್ರಿಲ್ಲರ್ ನೋಡುವಾಗಲೂ ನೆನೆಯುತ್ತೇನೆ. ಗೇಟಿನ ಕಾವಲುಗಾರರನ್ನು ಕಥೆ ಹೇಗೆ ನಡೆಸಿಕೊಳ್ಳುತ್ತದೆ ನೋಡಿ. ಸಾಲಾಗಿ ಬಿದ್ದು ಸಾಯಲಿಕ್ಕೆಂದೇ ಅವರನ್ನು ನಿಲ್ಲಿಸಿದ್ದರೆ, ಬರೆದವರಿಗೆ ಕಾವಲು ಅಂದರೇನು ಅಂತ ಗೊತ್ತಿಲ್ಲ.

ಸಣ್ಣ ಲೋಪವೂ ಸಾಕು ಅನ್ನುವುದಕ್ಕೆ 2014ರ ಸೆಪ್ಟೆಂಬರ್ 19. ಒಬ್ಬನೇ ಮನುಷ್ಯ, ಜೇಬಿನಲ್ಲಿ ಚಾಕು. ಶ್ವೇತಭವನದ ಬೇಲಿ ಹಾರಿ, ಹುಲ್ಲುಹಾಸಿನ ಮೇಲೆ ಓಡಿ, ಬೀಗ ಹಾಕದ ಮುಂಬಾಗಿಲಿನಿಂದ ಈಸ್ಟ್ ರೂಮ್‌ವರೆಗೆ ಹೋಗಿಬಿಟ್ಟ. ಕೆಲವೇ ದಿನಗಳಲ್ಲಿ ಅಧ್ಯಕ್ಷರ ಕಾವಲು ಪಡೆಯಾದ ಸೀಕ್ರೆಟ್ ಸರ್ವಿಸ್‌ನ ನಿರ್ದೇಶಕಿ ರಾಜೀನಾಮೆ ಕೊಟ್ಟರು. ಇದನ್ನೇ ಸ್ಕ್ರಿಪ್ಟಿನಲ್ಲಿ ಬರೆದರೆ ನಿರ್ಮಾಪಕರು ಒಪ್ಪಲಿಕ್ಕಿಲ್ಲ.

ಸಂಚಿನಲ್ಲಿ ಎಷ್ಟು ಜನ ಇದ್ದಾರೆ ಅಂತಲೂ ಎಣಿಸಿ. 1605ರಲ್ಲಿ ಲಂಡನ್ ಸಂಸತ್ತಿನ ಕೆಳಗೆ 36 ಪೀಪಾಯಿ ಸಿಡಿಮದ್ದು ತುಂಬಿದ್ದರು. ಒಂದು ಅನಾಮಧೇಯ ಪತ್ರ ಅದನ್ನು ಬಯಲಿಗೆಳೆಯಿತು. ಅದು ಹದಿಮೂರು ಜನರ ಸಂಚು. ಸಿನಿಮಾದಲ್ಲಿ ನೂರಾರು ಜನರ ತಂಡ ವರ್ಷಗಟ್ಟಲೆ ತಯಾರಿ ನಡೆಸಿದರೂ ಒಬ್ಬನ ಬಾಯಿಂದಲೂ ಮಾತು ಜಾರುವುದಿಲ್ಲ. ಯಾಕೆ ಜಾರಲಿಲ್ಲ ಅಂತ ಕಥೆ ಒಂದು ಮಾತಾದರೂ ಹೇಳಬೇಕು.

ಹೊಡೆದಾಟದ ಬಗ್ಗೆ ಉದ್ದ ಮಾತು ಬೇಡ. ಮುಚ್ಚಿದ ಕಾರಿಡಾರಿನಲ್ಲಿ ಗುಂಡು ಹಾರಿದರೆ ಕಿವಿ ಗುಂಯ್‌ಗುಡುತ್ತದೆ, ಪಿಸುಮಾತು ಕೇಳಿಸುವುದಿಲ್ಲ. ಭುಜಕ್ಕೆ ಬಿದ್ದ ಗುಂಡೂ ಪ್ರಾಣ ತೆಗೆಯಬಹುದು. ಇಷ್ಟನ್ನು ಪಾಲಿಸಿದರೂ ಅರ್ಧ ಗೆದ್ದಂತೆ.

ನನಗೆ ಜಾಸ್ತಿ ಬೇಸರ ತರಿಸುವುದು ಕೊನೆಯ ರಕ್ಷಣಾ ಕಾರ್ಯಾಚರಣೆ. ಕಮಾಂಡೊಗಳು ನುಗ್ಗುತ್ತಾರೆ, ಕೆಟ್ಟವರು ಮಾತ್ರ ಸಾಯುತ್ತಾರೆ. 1985ರ ನವೆಂಬರಿನಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಂ-19 ಬಂಡುಕೋರರು ಸುಪ್ರೀಂ ಕೋರ್ಟ್ ಇದ್ದ ನ್ಯಾಯಭವನವನ್ನು ವಶಪಡಿಸಿಕೊಂಡರು. ಸೇನೆ ಟ್ಯಾಂಕುಗಳೊಂದಿಗೆ ನುಗ್ಗಿತು. ಕಟ್ಟಡ ಹೊತ್ತಿ ಉರಿಯಿತು. ಸುಮಾರು ನೂರು ಜನ ಸತ್ತರು, ಅವರಲ್ಲಿ ಸುಪ್ರೀಂ ಕೋರ್ಟಿನ ಹೆಚ್ಚುಕಡಿಮೆ ಅರ್ಧದಷ್ಟು ನ್ಯಾಯಮೂರ್ತಿಗಳು. ಬದುಕಿ ಹೊರಬಂದ ಕೆಲವರು ಸೇನೆಯ ಕೈಗೆ ಸಿಕ್ಕಮೇಲೆ ಕಾಣೆಯಾದರು. ಆ ಪ್ರಕರಣ ದಶಕಗಳ ನಂತರವೂ ನ್ಯಾಯಾಲಯಗಳಲ್ಲಿ ನಡೆಯಿತು. ಹಾಗಾಗಿ ಕ್ಲೈಮ್ಯಾಕ್ಸಿನಲ್ಲಿ ಹಾಳೆಯ ಮೂಲೆಯಲ್ಲಿ ಇದನ್ನೂ ಗುರುತು ಮಾಡಿ: ಒಳನುಗ್ಗುವ ಆದೇಶಕ್ಕೆ ಸಹಿ ಯಾರದು, ಅವರಿಗೆ ಏನು ಗೊತ್ತಿತ್ತು, ಸತ್ತ ಒತ್ತೆಯಾಳುಗಳಿಗೆ ಉತ್ತರ ಕೊಡುವವರು ಯಾರು. ಉತ್ತರ ಸಿಗದಿದ್ದರೆ ಅಲ್ಲಿಗೆ ನಂಬಿಕೆ ಮುಗಿಯಿತು, ಎಷ್ಟೇ ದೊಡ್ಡ ಬಜೆಟ್ ಇರಲಿ.