ಹಳೇ ರೋಡ್ ಬೈಕ್, ಎಂಟಿಬಿ ಗೇರು, ಆಗುಂಬೆ ಘಾಟಿ: ನನ್ನ ಅನುಭವ

"ಮಲೆನಾಡಿಗೆ ರೋಡ್ ಬೈಕ್ ಆಗೋದಿಲ್ಲ ಮಾರಾಯ" ಅಂತ ನನಗೆ ಹೇಳದವರು ಶಿವಮೊಗ್ಗದಲ್ಲಿ ಕಡಿಮೆ. ರೋಡ್ ಬೈಕ್ ಅಂದರೆ ತೆಳ್ಳನೆ ಟೈರು, ಬಾಗಿದ ಹ್ಯಾಂಡಲಿನ ಸೈಕಲ್. ಒಬ್ಬರು ಎಂಟಿಬಿ, ಅಂದರೆ ದಪ್ಪ ಟೈರಿನ ಮೌಂಟನ್ ಬೈಕ್, ತಗೋ ಅಂದರು. ಇನ್ನೊಬ್ಬರು ಲಕ್ಷ ರೂಪಾಯಿ ಹಾಕದೆ ಘಾಟಿ ಹತ್ತೋ ಸೈಕಲ್ ಸಿಗೋದೇ ಇಲ್ಲ ಅಂದರು. ಕಳೆದ ಮಳೆಗಾಲ ಮುಗಿದ ಮೇಲೆ ಘಾಟಿ ಬುಡದ ಸೋಮೇಶ್ವರದಿಂದ ಆಗುಂಬೆಗೆ, 14 ತಿರುವುಗಳನ್ನೂ, ಕಾಲು ನೆಲಕ್ಕೆ ತಾಗಿಸದೆ ಹತ್ತಿ ಬಂದೆ. ವಯಸ್ಸು ನಲವತ್ತೇಳು, ತೂಕ ಎಪ್ಪತ್ತಾರು, ಸೈಕಲಿಗೆ ಬಿದ್ದದ್ದು ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು. ಈಗ ಬರೆಯಲು ಅಡ್ಡಿಯಿಲ್ಲ ಅಲ್ವಾ!

ನಾನು ನೋಡಿದ್ದು ಮೂರೇ. ಅತಿ ಹಗುರ ಗೇರ್ ಎಷ್ಟು, ಎಷ್ಟು ದಪ್ಪದ ಟೈರ್ ಹಿಡಿಸುತ್ತದೆ, ಫ್ರೇಮ್ ನನ್ನ ಮೈಗೆ ಸರಿಯಿದೆಯಾ. ತೂಕ ಕೊನೆಗೆ. ಅಂಗಡಿಯಲ್ಲಿ ಎಲ್ಲರೂ ಮೊದಲು ಸೈಕಲನ್ನ ಒಂದು ಬೆರಳಲ್ಲಿ ಎತ್ತಿ ನೋಡುತ್ತಾರೆ. ಒಂದು ಕೆಜಿ ಇಳಿಸಲು ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಡಬೇಕು. ಘಾಟಿ ಬುಡದಲ್ಲಿ ದೊಡ್ಡ ಬಾಟಲಿಯ ನೀರು ಚೆಲ್ಲಿದರೆ ಮುಕ್ಕಾಲು ಕೆಜಿ ಪುಕ್ಕಟೆ ಇಳಿಯುತ್ತದೆ.

ಇದಕ್ಕೂ ಮೊದಲು ಹೊಸದೊಂದು ಇತ್ತು, ಮೂವತ್ತೆರಡು ಸಾವಿರದ್ದು. ಐದು ಅಡಿ ಆರು ಇಂಚಿನ ನನಗೆ ಅಂಗಡಿಯವರು 56 ಸೆಂ.ಮೀ. ಸೈಜಿನ ಫ್ರೇಮ್ ಕಟ್ಟಿದರು. ಸ್ಟಾಕಿನಲ್ಲಿ ಇದ್ದದ್ದು ಅದೊಂದೇ. "ಸೀಟು ಇಳಿಸಿದರೆ ಆಯ್ತು ಸಾರ್" ಅಂದರು. ಸೀಟು ಇಳಿಸಿದರೆ ಕಾಲಿಗೆ ಸರಿಹೋಗುತ್ತದೆ, ಆದರೆ ಹ್ಯಾಂಡಲ್ ಹತ್ತಿರ ಬರುವುದಿಲ್ಲವಲ್ಲ. ಸಕ್ರೆಬೈಲು ಮುಟ್ಟುವಷ್ಟರಲ್ಲಿ ಕತ್ತು ಹಿಡಿಯುತ್ತಿತ್ತು, ಮಂಡಗದ್ದೆ ಹೊತ್ತಿಗೆ ಕಿರುಬೆರಳು ಮರಗಟ್ಟುತ್ತಿತ್ತು. ಹ್ಯಾಂಡಲನ್ನ ಸೈಕಲಿಗೆ ಜೋಡಿಸುವ ಸ್ಟೆಮ್ ಗಿಡ್ಡದ್ದು ತರಿಸಿ ಹಾಕಿದೆ. ಕತ್ತು ನೋವು ಅರ್ಧ ಹೋಯಿತು, ಇಳಿಜಾರಿನಲ್ಲಿ ಹ್ಯಾಂಡಲ್ ಮಾತ್ರ ಬೆದರಿದ ಕರುವಿನ ಹಾಗೆ ಆಡತೊಡಗಿತು. ವರ್ಷದೊಳಗೆ ಹತ್ತೊಂಬತ್ತು ಸಾವಿರಕ್ಕೆ ಕೊಟ್ಟೆ. ಕೊಂಡವನು ಆರಡಿ ಆಳು, ಇವತ್ತಿಗೂ ಖುಷಿಯಾಗಿ ಓಡಿಸುತ್ತಿದ್ದಾನೆ.

ಆಮೇಲೆ ಅಳತೆ ಟೇಪ್ ಹಿಡಿದೇ ಹುಡುಕಿದ್ದು. ಗೋಡೆಗೆ ಬೆನ್ನು ಕೊಟ್ಟು, ತೊಡೆ ಸಂದಿಗೆ ದಪ್ಪ ಪುಸ್ತಕ ಒತ್ತಿ ನಿಂತು, ಅಲ್ಲಿಂದ ನೆಲದವರೆಗೆ ಅಳೆದರೆ 78 ಸೆಂ.ಮೀ. ಅದನ್ನ 0.67ರಿಂದ ಗುಣಿಸಿದರೆ 52, ಅದೇ ನನ್ನ ಫ್ರೇಮ್ ಸೈಜ್. ಇದು ಬರೀ ಅಂದಾಜು. ಬ್ರೇಕ್ ಲಿವರ್ ಮೇಲೆ ಕೈಯಿಟ್ಟಾಗ ಮೊಣಕೈ ಸ್ವಲ್ಪ ಬಗ್ಗಿರಬೇಕು, ನೆಟ್ಟಗೆ ಚಾಚಿಕೊಂಡಿದ್ದರೆ ಆ ಸೈಕಲ್ ಎಷ್ಟೇ ಅಗ್ಗವಾದರೂ ಬೇಡ.

ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್. ಬೆಂಗಳೂರಿನಿಂದ ವರ್ಗವಾಗಿ ಬಂದವರೊಬ್ಬರು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಇಟ್ಟುಕೊಂಡಿದ್ದರು! ಅಲ್ಯೂಮಿನಿಯಂ ಫ್ರೇಮು, ಶಿಮಾನೋ ಕಂಪನಿಯ 8 ಸ್ಪೀಡ್ ಕ್ಲಾರಿಸ್ ಗೇರು (ಹಿಂದೆ ಎಂಟು ಹಲ್ಲುಚಕ್ರ), ಹಲ್ಲಿನ ಲೆಕ್ಕ ಮುಂದೆ 50-34, ಹಿಂದೆ 11-28. ಇಪ್ಪತ್ತೆರಡು ಸಾವಿರ ಅಂದರು. ಸ್ಕೇಲ್ ತೆಗೆದು ಚೈನಿಗೆ ಹಿಡಿದೆ. 12 ಇಂಚಿನ ಗೆರೆ ಸರಿಯಾಗಿ ಪಿನ್ನಿನ ಮೇಲೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ದಾಟಿದ್ದರೆ ಚೈನ್ ಹೋಗಿದೆ, ಎಂಟನೇ ಒಂದು ಭಾಗ ದಾಟಿದ್ದರೆ ಕ್ಯಾಸೆಟ್ಟೂ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹೋಗಿದೆ ಅಂತ ಲೆಕ್ಕ. ಹೋಗಿತ್ತು. ಕ್ಯಾಸೆಟ್ ಹೇಗೂ ನಾನು ಬದಲಾಯಿಸುವವನೇ, ಆದರೆ ಅದನ್ನ ಹೇಳಲಿಲ್ಲ. ಹದಿನಾರಕ್ಕೆ ಇಳಿಯಿತು. ಇಂಥ ಸೈಕಲ್‌ಗಳು ಯಾವ ತಿಂಗಳಲ್ಲಿ, ಯಾರನ್ನ ಕೇಳಿದರೆ ಸಿಗುತ್ತವೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ. ಮನೆಯವಳಿಗೆ ಇನ್ನೊಂದು ಹುಡುಕುತ್ತಿದ್ದೇನೆ.

ಇನ್ನು ಗೇರಿನ ಕಥೆ. ಮುಂದೆ 34, ಹಿಂದೆ 28ರಲ್ಲಿ ಘಾಟಿ ಹತ್ತಲು ಇಪ್ಪತ್ತೈದರ ಹುಡುಗನ ಮಂಡಿ ಬೇಕು. ಎಂಟಿಬಿಯ 8 ಸ್ಪೀಡ್ 11-34 ಕ್ಯಾಸೆಟ್ ಇದೇ ಹಬ್ಬಿಗೆ ಸೀದಾ ಕೂರುತ್ತದೆ. ಅಷ್ಟು ದೊಡ್ಡ ಹಲ್ಲುಚಕ್ರಕ್ಕೆ ಗಿಡ್ಡ ಕೇಜಿನ (ಚೈನ್ ಎಳೆದು ಹಿಡಿಯುವ ತೋಳಿನ) ರೋಡ್ ಡಿರೇಲರ್, ಅಂದರೆ ಚೈನನ್ನ ಗೇರಿನಿಂದ ಗೇರಿಗೆ ಸರಿಸುವ ಸಾಧನ, ಸಾಲಲಿಲ್ಲ. ಅದನ್ನ ಹಲ್ಲಿನಿಂದ ದೂರ ಇಡುವ ಬಿ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿದರೂ ಕರಕರ ಅಂತ ಉಜ್ಜುತ್ತಿತ್ತು. ಎಂಟಿಬಿಯ ಆಲ್ಟಸ್ ಡಿರೇಲರ್ ಹಾಕೋಣ ಅಂದೆ. "ರೋಡ್ ಶಿಫ್ಟರಿಗೆ ಅದು ಕೂರಲ್ಲ ಸಾರ್, ದುಡ್ಡು ದಂಡ" ಅಂದ ಮೆಕ್ಯಾನಿಕ್. ಶಿಮಾನೋದ 8 ಸ್ಪೀಡಿನಲ್ಲಿ ಶಿಫ್ಟರ್, ಅಂದರೆ ಗೇರ್ ಬದಲಿಸುವ ಲಿವರ್, ಎಳೆಯುವ ಕೇಬಲಿನ ಅಳತೆ ರೋಡಿಗೂ ಎಂಟಿಬಿಗೂ ಒಂದೇ, 9ರಲ್ಲೂ ಹಾಗೇ. 10ಕ್ಕೆ ಹೋದರೆ ಈ ಆಟ ನಡೆಯುವುದಿಲ್ಲ. ಅವನು ಒಪ್ಪಲಿಲ್ಲ, ನಾನೇ ಮನೆಯಲ್ಲಿ ಕೂರಿಸಿದೆ.

ಮೊದಲ ದಿನವೇ ಎಡವಟ್ಟು. ಹೊಸ ಚೈನ್ ಬರುವುದು ತಡವಾಗಿ ಹಳೇದರಲ್ಲೇ ಓಡಿಸಿದ್ದೆ. ಮುಂದೆ ದೊಡ್ಡ ಹಲ್ಲುಚಕ್ರ ಹಿಂದೆ ದೊಡ್ಡ ಹಲ್ಲುಚಕ್ರ ಬಿದ್ದದ್ದೇ ತಡ, ಉದ್ದ ಸಾಲದೆ ಚೈನ್ ಬಿಗಿದು, ಡಿರೇಲರನ್ನ ಫ್ರೇಮಿಗೆ ಹಿಡಿಯುವ ಹ್ಯಾಂಗರ್ ಬಾಗಿತು. ಅದೊಂದು ಚೂರು ಲೋಹಕ್ಕೆ ನಾನೂರರ ಹತ್ತಿರ, ಬರಲು ವಾರ. ಉದ್ದದ ಚೈನ್ ಹಾಕಿದ ಮೇಲೆ ಇವತ್ತಿನವರೆಗೆ ತಕರಾರಿಲ್ಲ. ಕ್ಯಾಸೆಟ್ಟಿಗೆ ಸಾವಿರದ ಮುನ್ನೂರೋ ನಾನೂರೋ, ಡಿರೇಲರ್ ಸಾವಿರದ ಇನ್ನೂರು, ಚೈನು ಆರುನೂರು. ಈಗ ಪೆಡಲ್ ಒಂದು ಸುತ್ತಿಗೆ ಸೈಕಲ್ ಎರಡು ಮೀಟರ್ ಚಿಲ್ಲರೆ ಹೋಗುತ್ತದೆ, ಮೊದಲು ಎರಡೂವರೆ ದಾಟುತ್ತಿತ್ತು. ಕೇಳಲು ಏನೂ ಅನಿಸಲ್ಲ, ಏಳನೇ ತಿರುವಿನಲ್ಲಿ ಗೊತ್ತಾಗುತ್ತದೆ. ಕೇಬಲ್ ಟ್ಯೂನಿಂಗಿನಲ್ಲಿ ನಾನು ಮಾಡಿಕೊಂಡ ಸಣ್ಣ ಕೈಚಳಕ ಒಂದಿದೆ, ಅದನ್ನ ಆ ಮೆಕ್ಯಾನಿಕ್ಕಿಗೂ ಹೇಳಿಲ್ಲ.

ಟೈರ್ ಬಂದಾಗ 23 ಮಿ.ಮೀ. ದಪ್ಪದ್ದಿತ್ತು. ಬ್ರೇಕ್ ಕ್ಯಾಲಿಪರ್ ಕೆಳಗೆ ಸಂದು ನೋಡಿ 28 ಹಾಕಿದೆ, ಜೋಡಿಗೆ ಎರಡೂವರೆ ಸಾವಿರ. ಪಂಕ್ಚರ್ ಅಂಗಡಿಯಲ್ಲಿ 110 ಪಿಎಸ್‌ಐ ಗಾಳಿ ತುಂಬಿ "ಕಲ್ಲಿನ ಹಾಗಿದೆ ನೋಡಿ" ಅನ್ನುತ್ತಾರೆ. ಕಲ್ಲಾದರೆ ಸೊಂಟಕ್ಕೆ ಗೊತ್ತಾಗುತ್ತದೆ. ನಾನು ಹಿಂದೆ 75, ಮುಂದೆ 65 ಇಡುತ್ತೇನೆ. ಮಳೆ ಹೊಡೆದ ನಮ್ಮ ರಸ್ತೆಗಳಿಗೆ ಇದೇ ಸರಿ.

28 ಹಾಕಿದ ಮೇಲೆ ಮಡ್‌ಗಾರ್ಡಿಗೆ ಜಾಗ ಉಳಿಯಲಿಲ್ಲ. ತೆಳ್ಳಗಿರುವುದು ಏನಾದರೂ ಬೇಕಲ್ಲ ಅಂತ ಅಡಿಕೆ ಹಾಳೆ ನೆನೆಸಿ, ಬಗ್ಗಿಸಿ, ಒಣಗಿಸಿ ಸೀಟಿನ ಕೆಳಗೆ ಕಟ್ಟಿದೆ. ನಗಬೇಡಿ, ಬಿಸಿಲಿನಲ್ಲಿ ಚೆನ್ನಾಗಿಯೇ ಇತ್ತು. ತೀರ್ಥಹಳ್ಳಿ ಮಳೆಗೆ ಮೆತ್ತಗಾಗಿ ಚಕ್ರದ ಮೇಲೆ ಮಲಗಿತು. ಈಗ ಹಳೇ ಎಣ್ಣೆ ಕ್ಯಾನ್ ಕತ್ತರಿಸಿ ಕಟ್ಟಿದ್ದೇನೆ, ಖರ್ಚು ಸೊನ್ನೆ. ಚೈನಿಗೆ ಕೊಬ್ಬರಿ ಎಣ್ಣೆಯನ್ನೂ ನೋಡಿದ್ದಾಯಿತು. ಧೂಳು ಹಿಡಿದು ಕಪ್ಪು ಅಂಟಾಗುತ್ತದೆ, ಬೇಡ.

ಬ್ರೇಕ್ ಮಾತ್ರ ಅದೇ ರಿಮ್ ಬ್ರೇಕ್. ಒದ್ದೆ ರಿಮ್ಮಿಗೆ ಮರಳು ಸೇರಿದರೆ ಪ್ಯಾಡ್ ಸೋಪಿನಷ್ಟು ಬೇಗ ಸವೆಯುತ್ತದೆ. ಮಳೆಗಾಲದಲ್ಲೂ ಘಾಟಿ ಇಳಿಯುವವರು ಇನ್ನೊಂದೈದು ಸಾವಿರ ಸೇರಿಸಿ ಕೇಬಲ್ ಡಿಸ್ಕ್ ಇರುವುದನ್ನೇ ಹುಡುಕಿ. ನಾನು ಆಗುಂಬೆ ಕಡೆ ಒಣ ದಿನಗಳಲ್ಲೇ ಹೋಗುವುದು.

ಹತ್ತುವ ಹಿಂದಿನ ರಾತ್ರಿ ಹೆಬ್ರಿಯಲ್ಲಿ ಉಳಿದಿದ್ದೆ. ಬೆಳಗ್ಗೆ ಬಸ್ಸು, ಟಿಟಿಗಳ ಓಡಾಟ ಶುರುವಾಗುವ ಮೊದಲೇ ಬುಡ ಬಿಟ್ಟೆ. ಎಡಕ್ಕೆ ತಿರುಗುವ ಹೇರ್‌ಪಿನ್‌ಗಳಲ್ಲಿ ನಾವು ಒಳಮಗ್ಗುಲಲ್ಲಿ ಇರುತ್ತೇವೆ, ಅಲ್ಲೇ ಏರು ಜಾಸ್ತಿ. ತಿರುವಿಗೆ ಮೊದಲೇ ಗೇರ್ ಇಳಿಸಿಕೊಂಡಿರಬೇಕು, ಒತ್ತಡದಲ್ಲಿ ಬದಲಾಯಿಸಲು ಹೋದರೆ ಚೈನ್ ಹಾರುತ್ತದೆ. ವೇಗ ಕೇಳಬೇಡಿ, ದಾರಿಬದಿಯ ಮಂಗಗಳಿಗೆ ನನ್ನನ್ನ ಪೂರ್ತಿ ನೋಡಿ ಮುಗಿಸುವಷ್ಟು ಪುರುಸೊತ್ತಿತ್ತು.

ಎಂಟಿಬಿ ತಗೋ ಅಂದವರೇ ಮೊನ್ನೆ ಮನೆಗೆ ಬಂದಿದ್ದರು. ಅವರ ಮೈದುನನ ಹತ್ತಿರ 7 ಸ್ಪೀಡಿನ ಅಗ್ಗದ ರೋಡ್ ಬೈಕ್ ಇದೆಯಂತೆ, ಕ್ಯಾಸೆಟ್ ಬದಲು ಹಬ್ಬಿಗೆ ತಿರುಪಿ ಕೂರಿಸುವ ಫ್ರೀವೀಲ್, 14-28. ಅದಕ್ಕೆ 14-34 ಫ್ರೀವೀಲ್ ಸಿಗುತ್ತದೆ, ಐದಾರುನೂರು ರೂಪಾಯಿ. 24ರಿಂದ ಒಮ್ಮೆಲೇ 34ಕ್ಕೆ ನೆಗೆಯುವುದು ಕಾಲಿಗೆ ವಿಚಿತ್ರ ಅನಿಸುತ್ತದೆ, ಜೊತೆಗೆ ಉದ್ದ ಕೇಜಿನ ಡಿರೇಲರ್ ಮತ್ತು ಉದ್ದದ ಚೈನ್ ಇದಕ್ಕೂ ಬೇಕು. ಭಾನುವಾರ ಸೈಕಲ್ ತರಲು ಹೇಳಿದ್ದೇನೆ. ಹಳೇ ಫ್ರೀವೀಲ್ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬಿಚ್ಚುವುದಕ್ಕೇ ಅರ್ಧ ದಿನ ಬೇಕು, ಊಟಕ್ಕೂ ಇಲ್ಲೇ ಇರಿ ಅಂದಿದ್ದೇನೆ.