ಎದುರು ಬರುವ ವಿಮಾನದಿಂದ ಒಂದು ಸಾವಿರ ಅಡಿ ದೂರ: ಆಗಸದಲ್ಲಿ ಡಿಕ್ಕಿ ತಪ್ಪಿಸುವ ಕ್ರಮ

ಮಳೆಗಾಲ ಮುಗಿದ ಮೇಲೆ ತೀರ್ಥಹಳ್ಳಿ ಕಡೆಯ ಯಾವುದೇ ಅಡಿಕೆ ಅಂಗಳದಲ್ಲಿ ನಿಂತು ತಲೆಯೆತ್ತಿದರೆ, ತಿಳಿಯಾದ ಆಕಾಶದಲ್ಲಿ ಎರಡು ಬಿಳಿ ಗೆರೆಗಳು ಒಂದನ್ನೊಂದು ಕತ್ತರಿಸಿಕೊಂಡು ಹೋಗುವುದು ಒಮ್ಮೊಮ್ಮೆ ಕಾಣಿಸುತ್ತದೆ. ಕೆಳಗಿನಿಂದ ಅವು ಮುಟ್ಟಿದಂತೆಯೇ ತೋರಿದರೂ ಆ ಎರಡು ವಿಮಾನಗಳ ನಡುವೆ ಕನಿಷ್ಠ ಒಂದು ಸಾವಿರ ಅಡಿ ಇರುತ್ತದೆ. ಜೋಗದಲ್ಲಿ ನೀರು ಧುಮುಕುವುದು ಸುಮಾರು 830 ಅಡಿಯಿಂದ. ಅದಕ್ಕಿಂತ ತುಸು ಹೆಚ್ಚು, ಅಷ್ಟೇ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಪೈಲಟ್ ಆಗಬೇಕೆಂದು ಬಂದು ವಿಚಾರಿಸುವ ನಮ್ಮ ಕಡೆಯ ಮಕ್ಕಳಿಗೆ, ಹಲವು ವರ್ಷ ರೇಡಾರ್ ಪರದೆಯ ಮುಂದೆ ಕುಳಿತು ಬಂದ ನಾನು ಮೊದಲು ಹೇಳಿಕೊಡುವುದು ಈ ಅಂತರವನ್ನು ಕಾಯುವ ಕ್ರಮವನ್ನೇ.

ಮೊದಲು ನಿಮ್ಮ ಮಟ್ಟ ಯಾವುದೆಂದು ತಿಳಿಯಿರಿ. ಪೂರ್ವದ ಅರ್ಧಕ್ಕೆ, ಅಂದರೆ ದಿಕ್ಸೂಚಿಯ 0ಯಿಂದ 179 ಡಿಗ್ರಿಯೊಳಗೆ ಸಾಗುವ ವಿಮಾನ 33, 35, 37 ಸಾವಿರ ಅಡಿಗಳಂಥ ಬೆಸ ಮಟ್ಟದಲ್ಲಿರಬೇಕು. ಪಶ್ಚಿಮದ ಅರ್ಧಕ್ಕೆ ಸಾಗುವುದು 34, 36, 38ರಂಥ ಸಮ ಮಟ್ಟದಲ್ಲಿರಬೇಕು. 29,000ದಿಂದ 41,000 ಅಡಿಯವರೆಗೆ ಮೊದಲು ಎರಡು ಸಾವಿರ ಅಡಿ ಇದ್ದ ಅಂತರವನ್ನು ಭಾರತದಲ್ಲಿ 2003ರ ನವೆಂಬರ್‌ನಲ್ಲಿ ಒಂದು ಸಾವಿರಕ್ಕೆ ಇಳಿಸಲಾಯಿತು. ಹಾಗಾಗಿ ಈ ಎತ್ತರದಲ್ಲಿ ಹಾರಲು ಎರಡು ಸ್ವತಂತ್ರ ಎತ್ತರಮಾಪಕಗಳು, ಮಟ್ಟ ತಪ್ಪಿದರೆ ಎಚ್ಚರಿಸುವ ವ್ಯವಸ್ಥೆ ಮತ್ತು ಎತ್ತರವನ್ನು ತಾನೇ ಹಿಡಿದಿಡುವ ಆಟೊಪೈಲಟ್ ಇರಲೇಬೇಕು. ಎರಡು ಮಾಪಕಗಳ ನಡುವೆ 200 ಅಡಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಸುಮ್ಮನಿರದೆ ನೆಲದಲ್ಲಿ ಕುಳಿತು ವಿಮಾನ ಸಂಚಾರ ನೋಡಿಕೊಳ್ಳುವ ನಿಯಂತ್ರಕರಿಗೆ ತಿಳಿಸಿ. ಮೇಲೇರುವಾಗ ಮಾಪಕವನ್ನು 1013 ಹೆಕ್ಟೊಪಾಸ್ಕಲ್ ಎಂಬ ಪ್ರಮಾಣಿತ ಗಾಳಿಯ ಒತ್ತಡಕ್ಕೆ ತಿರುಗಿಸಲು ಮರೆಯಬೇಡಿ. ಎಲ್ಲರೂ ಒಂದೇ ಅಳತೆಗೋಲಿನಿಂದ ಅಳೆದರೆ ಮಾತ್ರ ನಡುವಿನ ಅಂತರ ನಿಜವಾಗಿರುತ್ತದೆ.

ಅಪಾಯ ಹೆಚ್ಚಾಗಿ ನುಸುಳುವುದು ಅಂಕಿಯನ್ನು ಕೇಳಿಸಿಕೊಳ್ಳುವಲ್ಲಿ. ನಿಯಂತ್ರಕರು ಮಟ್ಟ ಹೇಳಿದಾಗ ರೇಡಿಯೊ ನೋಡಿಕೊಳ್ಳುವ ಪೈಲಟ್ ಅದನ್ನು ಪೂರ್ತಿಯಾಗಿ ಮರುನುಡಿಯಬೇಕು. 'ಸರಿ' ಎಂದರೆ ಸಾಲದು. ಅಂಕಿಯನ್ನು ಆಟೊಪೈಲಟ್‌ನ ಎತ್ತರದ ಕಿಟಕಿಯಲ್ಲಿ ಕೂರಿಸಿದವರು ಅದರ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಬೇಕು; ಪಕ್ಕದವರು ತಾವೂ ಅದನ್ನು ಕಣ್ಣಾರೆ ನೋಡಿ ಹೌದೆನ್ನುವ ತನಕ ಆ ಬೆರಳು ಅಲ್ಲಿಂದ ಕದಲಬಾರದು. ಇಬ್ಬರಲ್ಲಿ ಒಬ್ಬರಿಗೆ ಅನುಮಾನ ಬಂದರೂ ಮತ್ತೆ ಕೇಳಿ. ಮರುಪ್ರಶ್ನೆಗೆ ಬೇಸರಪಟ್ಟ ನಿಯಂತ್ರಕರನ್ನು ನಾನು ಕಂಡಿದ್ದೇನೆ, ಆದರೂ ಕೇಳಿ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ, 15,000 ಅಡಿಗೆ ಇಳಿದು ನಿಲ್ಲಬೇಕಿದ್ದ ಕಜಾಕಿಸ್ತಾನದ ಸರಕು ವಿಮಾನ ಅದಕ್ಕೂ ಕೆಳಗಿಳಿದು, 14,000 ಅಡಿಗೆ ಏರಿದ್ದ ಸೌದಿ ಜಂಬೊಗೆ ಬಡಿದು 349 ಮಂದಿ ತೀರಿಕೊಂಡರು. ಅದು ಒಂದೇ ಎತ್ತರದಲ್ಲಿ ಸಾಗುವ ಹಾರಾಟವಲ್ಲದಿದ್ದರೂ ತಪ್ಪಿದ್ದು ಅದೇ ಒಂದು ಸಾವಿರ ಅಡಿ. ಮಟ್ಟ ತಲುಪಲು ಕೊನೆಯ ಸಾವಿರ ಅಡಿ ಉಳಿದಾಗ ಏರುವ ಅಥವಾ ಇಳಿಯುವ ವೇಗವನ್ನು ನಿಮಿಷಕ್ಕೆ 1,500 ಅಡಿಗಿಂತ ಕಡಿಮೆ ಮಾಡಿಕೊಳ್ಳಿ.

ಕಣ್ಣನ್ನೇ ನಂಬಿ ಕೂರುವಂತಿಲ್ಲ. ಎದುರುಬದುರಾಗಿ ಬರುವ ಎರಡು ಜೆಟ್‌ಗಳು ಸೆಕೆಂಡಿಗೆ ಸುಮಾರು ಅರ್ಧ ಕಿಲೊಮೀಟರ್ ಹತ್ತಿರವಾಗುತ್ತವೆ. 15 ಕಿಲೊಮೀಟರ್ ಆಚೆಯ ಚುಕ್ಕೆ ಅರ್ಧ ನಿಮಿಷದಲ್ಲಿ ಮುಖದ ಮೇಲಿರುತ್ತದೆ. ಡಿಕ್ಕಿಯ ದಾರಿಯಲ್ಲಿರುವ ವಿಮಾನ ಗಾಜಿನ ಮೇಲೆ ಎಡಕ್ಕೂ ಬಲಕ್ಕೂ ಸರಿಯದೆ ಇದ್ದಲ್ಲೇ ದೊಡ್ಡದಾಗುತ್ತದೆ. ಅಲುಗಾಡದ ಆ ಚುಕ್ಕೆಗೇ ಹೆದರಬೇಕು.

ಕರಾರುವಾಕ್ಕಾದ ಉಪಗ್ರಹ ಮಾರ್ಗದರ್ಶನ ಬಂದ ಮೇಲೆ ಇನ್ನೊಂದು ಅಪಾಯ ಹುಟ್ಟಿಕೊಂಡಿದೆ. ಹಿಂದೆ ವಿಮಾನಗಳು ದಾರಿಯ ನಟ್ಟನಡುವಿನಿಂದ ಅಷ್ಟಿಷ್ಟು ಸರಿದಿರುತ್ತಿದ್ದವು. ಈಗ ಎಲ್ಲವೂ ಒಂದೇ ಗೆರೆಯ ಮೇಲೆ ಹೋಗುತ್ತವೆ, ಹಾಗಾಗಿ ಮಟ್ಟವೊಂದು ತಪ್ಪಿದರೆ ಸಾಕು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಬಸ್ಸಿನವರು ಎಡ ಅಂಚು ಹಿಡಿಯುವಂತೆ ಆಗಸದಲ್ಲಿ ಬಲಕ್ಕೆ ಸರಿಯುವ ಪದ್ಧತಿಯಿದೆ: ಅನುಮತಿಯಿರುವ ಸಾಗರದ ಮಾರ್ಗಗಳಲ್ಲಿ ಗೆರೆಯಿಂದ ಬಲಕ್ಕೆ ಎರಡು ನಾಟಿಕಲ್ ಮೈಲಿಯವರೆಗೆ ಸರಿದು ಹಾರಬಹುದು. ಅವಕಾಶವಿರುವ ಕಡೆ ಇದನ್ನು ಬಳಸದಿರುವುದು ನನ್ನ ದೃಷ್ಟಿಯಲ್ಲಿ ಅಲಕ್ಷ್ಯ. ಆದರೆ ರೇಡಾರ್ ನಿಗಾ ಇರುವ ನೆಲದ ಮೇಲೆ, ಮುಂಗಾರಿಗೆ ಮುಂಚೆ ಘಟ್ಟದ ಮೇಲೇಳುವ ಗುಡುಗು ಮೋಡವನ್ನು ಬಳಸಿ ಹೋಗುವುದಿದ್ದರೂ, ಕೇಳದೆ ಸರಿಯಬೇಡಿ.

ರೇಡಾರ್‌ಗೆ ಉತ್ತರಿಸುವ ಯಂತ್ರವಾದ ಟ್ರಾನ್ಸ್‌ಪಾಂಡರ್ ಎತ್ತರವನ್ನು ಬಿತ್ತರಿಸುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳಿ. 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್‌ನಲ್ಲಿ 37,000 ಅಡಿಯಲ್ಲಿ ಒಂದು ಚಿಕ್ಕ ಜೆಟ್‌ನ ಟ್ರಾನ್ಸ್‌ಪಾಂಡರ್ ಕೆಲಸ ಮಾಡದೆ ಇತ್ತು. ಎದುರಿನ ಬೋಯಿಂಗ್‌ನ ಟಿಕಾಸ್‌ಗೆ, ಅಂದರೆ ಡಿಕ್ಕಿ ತಪ್ಪಿಸಲು ಎಚ್ಚರಿಸುವ ಯಂತ್ರಕ್ಕೆ, ಅದು ಕಾಣಲೇ ಇಲ್ಲ. ಬೋಯಿಂಗ್‌ನಲ್ಲಿದ್ದ 154 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಎಲ್ಲವೂ ತಪ್ಪಿದಾಗ ಉಳಿಯುವುದು ಈ ಟಿಕಾಸ್. ಮೊದಲು ಅದು 'ಟ್ರಾಫಿಕ್' ಎಂದು ಎಚ್ಚರಿಸುತ್ತದೆ. ಆಗ ಹುಡುಕಿ, ಸಿದ್ಧರಾಗಿ, ವಿಮಾನವನ್ನು ಅಲುಗಿಸಬೇಡಿ. ಡಿಕ್ಕಿಗೆ ಸುಮಾರು 35 ಸೆಕೆಂಡ್ ಇರುವಾಗ ಅದು 'ಕ್ಲೈಂಬ್' ಅಥವಾ 'ಡಿಸೆಂಡ್' ಎಂದು ಆಜ್ಞೆ ಕೊಡುತ್ತದೆ. ಐದು ಸೆಕೆಂಡಿನೊಳಗೆ, ಒರಟಾಗಿ ಎಳೆಯದೆ, ಪರದೆಯ ಹಸಿರು ಪಟ್ಟಿ ತೋರಿಸಿದಷ್ಟು ಮಾತ್ರ ಏರಿ ಅಥವಾ ಇಳಿಯಿರಿ. 'ಟಿಕಾಸ್ ಆರ್‌ಎ' (ಟಿಕಾಸ್ ಆಜ್ಞೆ ಬಂದಿದೆ ಎಂದರ್ಥ) ಎಂದು ರೇಡಿಯೊದಲ್ಲಿ ಹೇಳಿ. ಆ ಹೊತ್ತಿನಲ್ಲಿ ನಿಯಂತ್ರಕರು ಬೇರೇನು ಹೇಳಿದರೂ ಟಿಕಾಸ್ ಮಾತನ್ನೇ ಕೇಳಿ. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್ಲಿಂಗೆನ್ ಬಳಿ ಎರಡು ವಿಮಾನಗಳು 36,000 ಅಡಿಯಲ್ಲಿ ಅಡ್ಡ ಬಂದವು. ಟಿಕಾಸ್ ರಷ್ಯಾದ ವಿಮಾನಕ್ಕೆ ಏರು ಎಂದಿತು, ಒಬ್ಬರೇ ಎರಡು ಪರದೆ ನೋಡುತ್ತಿದ್ದ ನಿಯಂತ್ರಕರು ಇಳಿ ಎಂದಿದ್ದರು. ಪೈಲಟ್‌ಗಳು ಇಳಿದರು, ತನ್ನ ಟಿಕಾಸ್ ಹೇಳಿದಂತೆ ಇನ್ನೊಂದು ವಿಮಾನವೂ ಇಳಿಯುತ್ತಿತ್ತು. ಶಾಲಾ ಮಕ್ಕಳೇ ಹೆಚ್ಚಾಗಿದ್ದ 71 ಜೀವಗಳು ಹೋದವು. ಎರಡು ಯಂತ್ರಗಳು ತಮ್ಮೊಳಗೆ ಮಾತಾಡಿಕೊಂಡು ಒಂದನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಕಳಿಸುತ್ತವೆ ಎಂಬುದನ್ನು ನಿದ್ದೆಯಲ್ಲೂ ಮರೆಯಬೇಡಿ.

'ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್' ಎಂದು ಕೇಳಿಸಿದ ಮೇಲೆ ಕೊಟ್ಟಿದ್ದ ಮಟ್ಟಕ್ಕೆ ನಿಧಾನವಾಗಿ ಮರಳಿ, ನಿಯಂತ್ರಕರಿಗೆ ತಿಳಿಸಿ. ಇಳಿದ ಮೇಲೆ ಸಮಯ, ಮಟ್ಟ, ಕೇಳಿಸಿದ ಮಾತುಗಳನ್ನು ಅಂದೇ ಬರೆದು ವರದಿ ಕೊಡಿ. ತಪ್ಪು ನಿಮ್ಮದೇ ಆಗಿದ್ದರೆ ಅದನ್ನೂ ಬರೆಯಿರಿ.